ಬಸ್ಸು ಎಲ್ಲಿದೆ ಅಂತ ಫೋನಿಗೆ ಹೇಳೋರ್ಯಾರು? ಲೈವ್ ಡೇಟಾಗೆ ಯಾವ ದಾರಿ ಹಿಡಿಯಬೇಕು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ದೀರಾ ಅಂದ್ರೆ ಇವತ್ತಿನ ವಿಷಯ ನಿಮ್ಮ ಕೈಯಲ್ಲೇ ಇದೆ. ಕ್ರಿಕೆಟ್ ಸ್ಕೋರು, ಷೇರಿನ ಬೆಲೆ, ಊಟ ತರ್ತಿರೋರ ಗಾಡಿ ಮ್ಯಾಪ್ ಮೇಲೆ ಚುಕ್ಕೆಯಾಗಿ ಓಡೋದು, ಇವೆಲ್ಲ ನೀವು ರಿಫ್ರೆಶ್ ಒತ್ತದೇ ತಾವಾಗೇ ಬದಲಾಗ್ತವೆ. ಇದನ್ನ ಮಾಡೋಕೆ ಒಂದಲ್ಲ, ನಾಲ್ಕೈದು ದಾರಿ ಇದೆ. ಯಾವುದನ್ನ ಯಾವಾಗ ಹಿಡಿಯಬೇಕು ಅನ್ನೋದೇ ಇವತ್ತಿನ ಮಾತು.

ಈ ಪ್ರಶ್ನೆ ಬಂದಿದ್ದು ಮಲೆನಾಡಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷದ ವಿದ್ಯಾರ್ಥಿನಿಯಿಂದ. ವಾಯ್ಸ್ ಮೆಸೇಜ್ ಕಳಿಸಿದ್ರು, ಹೆಸರು ಹೇಳೋದು ಬೇಡ ಅಂದಿದ್ದಾರೆ. ಅವರ ಕಾಲೇಜು ಬಸ್ಸು ಬೆಳಿಗ್ಗೆ ಘಾಟಿ ರಸ್ತೆ ಹತ್ತಿ ಬರುತ್ತೆ. ಮಳೆಗಾಲದಲ್ಲಿ ಒಂದು ಮರ ಬಿದ್ರೆ ಮುಕ್ಕಾಲು ಗಂಟೆ ತಡ. ಕೆಲವು ದಿನ ಹತ್ತು ನಿಮಿಷ ಮೊದಲೇ ಬಂದು ಹೋಗಿಬಿಟ್ಟಿರುತ್ತೆ. ತಂಗುದಾಣದಲ್ಲಿ ನಿಂತವರಿಗೆ ಬಸ್ಸು ಹೋಯ್ತೋ, ಬರಬೇಕೋ ಗೊತ್ತಾಗಲ್ಲ. ಹೋಗಿದ್ರೆ ತಕ್ಷಣ ಅಪ್ಪನಿಗೋ ಅಣ್ಣನಿಗೋ ಫೋನ್ ಮಾಡಿ ಬೈಕಲ್ಲಿ ಮುಂದಿನ ಸ್ಟಾಪಿಗೆ ಬಿಡಿಸ್ಕೋಬಹುದು. ಹೋಗಿಲ್ಲ ಅಂದ್ಕೊಂಡು ಕಾದು ನಿಂತ್ರೆ ಆ ಅವಕಾಶನೂ ಹೋಯ್ತು, ಮುಂದಿನ ಸರ್ಕಾರಿ ಬಸ್ಸು ಒಂಬತ್ತಕ್ಕೆ. ಇಂಟರ್ನಲ್ಸ್ ಇರೋ ದಿನ ಹೀಗಾದ್ರೆ ಆ ಪರೀಕ್ಷೆ ಕೈ ತಪ್ಪಿದ ಹಾಗೇ.

ಮೂರು ಜನ ಗೆಳತಿಯರು ಸೇರಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನೇ ತಗೊಂಡಿದ್ದಾರೆ. ಬಸ್ಸು ಎಲ್ಲಿದೆ ಅಂತ ತೋರಿಸೋ ಒಂದು ವೆಬ್ ಪೇಜು. "ಲೈವ್ ಅಂದ್ಮೇಲೆ ವೆಬ್‌ಸಾಕೆಟ್ ಹಾಕಲೇಬೇಕು ಅಂತ ಎಲ್ರೂ ಹೇಳ್ತಾರೆ, ಸರೀನಾ ಸರ್?" ಅಂತ ಪ್ರಶ್ನೆ.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ: ಅವರಿಗೆ ವೆಬ್‌ಸಾಕೆಟ್ ಬೇಕಾಗಿಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ವೆಬ್ ಹುಟ್ಟಿದ್ದೇ ಕೇಳಿದ್ರೆ ಕೊಡು ಅನ್ನೋ ಲೆಕ್ಕದಲ್ಲಿ. ಬ್ರೌಸರ್ ಕೇಳುತ್ತೆ, ಸರ್ವರ್ ಉತ್ತರ ಕೊಡುತ್ತೆ, ಮುಗೀತು. ಎಚ್‌ಟಿಟಿಪಿಯಲ್ಲಿ ಸರ್ವರ್ ತಾನಾಗೇ ಮೊದಲು ಬಾಯಿ ಬಿಡೋ ಹಾಗಿಲ್ಲ. ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿ ನೆನಪು ಮಾಡ್ಕೊಳ್ಳಿ. ನೀವು ಹೋಗಿ "ಶಿರಸಿ ಬಸ್ಸು ಬಂತಾ?" ಅಂತ ಕೇಳಬೇಕು. ಅವರು "ಇಲ್ಲ" ಅಂತಾರೆ. ಐದು ನಿಮಿಷ ಬಿಟ್ಟು ಮತ್ತೆ ಹೋಗ್ತೀರಿ, ಮತ್ತೆ "ಇಲ್ಲ". ಇದಕ್ಕೆ ಪೋಲಿಂಗ್ ಅಂತ ಹೆಸರು. ಪುಟದಲ್ಲಿ ಒಂದು ಟೈಮರ್ ಇಟ್ಟು, ಇಷ್ಟು ಸೆಕೆಂಡಿಗೊಮ್ಮೆ ಸರ್ವರ್‌ಗೆ ಕೇಳ್ತಾ ಇರೋದು. ನಾಲ್ಕು ಸಾಲು ಜಾವಾಸ್ಕ್ರಿಪ್ಟು ಸಾಕು.

ಇದನ್ನ ಕೀಳಾಗಿ ನೋಡೋರು ಬಹಳ. ಕಾರಣವೂ ಇದೆ, ಲೆಕ್ಕ ಹಾಕಿ ನೋಡಿ. ಒಂದು ಟಿ20 ಮ್ಯಾಚು ಮೂರೂವರೆ ಗಂಟೆ ನಡೆಯುತ್ತೆ ಅಂದ್ಕೊಳ್ಳಿ, ಅಂದ್ರೆ 12,600 ಸೆಕೆಂಡು. ಸ್ಕೋರ್ ಪುಟ 2 ಸೆಕೆಂಡಿಗೊಮ್ಮೆ ಕೇಳಿದ್ರೆ ಒಬ್ಬರ ಫೋನಿಂದ 6,300 ಪ್ರಶ್ನೆ. ಆದ್ರೆ ಮ್ಯಾಚಲ್ಲಿ ಇರೋದು 240 ಚೆಂಡು, ವೈಡು ನೋಬಾಲು ಸೇರಿದ್ರೆ ಇನ್ನೊಂದಿಷ್ಟು. ಮಿಕ್ಕ ಆರು ಸಾವಿರದಷ್ಟು ಸಲ ಉತ್ತರ "ಏನೂ ಆಗಿಲ್ಲ" ಅಂತಲೇ. ಒಂದು ಪ್ರಶ್ನೋತ್ತರಕ್ಕೆ ಕುಕ್ಕಿ, ಹೆಡರ್ ಎಲ್ಲ ಸೇರಿ 1 ಕೆಬಿ ಅಂತ ಹಿಡಿದ್ರೂ 6 ಎಂಬಿ ಆಗುತ್ತೆ. ಡೇಟಾ ದೊಡ್ಡ ವಿಷಯ ಅಲ್ಲ ಬಿಡಿ, ಒಂದು ರೀಲ್ಸ್ ನೋಡಿದ್ರೂ ಅಷ್ಟು ಹೋಗುತ್ತೆ. ನಿಜವಾದ ಪೆಟ್ಟು ಬ್ಯಾಟರಿಗೆ. ಡೇಟಾ ಬಂದು ಹೋದ ಮೇಲೂ ಫೋನಿನ 4ಜಿ ರೇಡಿಯೊ ತಕ್ಷಣ ಮಲಗಲ್ಲ. ನೆಟ್‌ವರ್ಕ್ ಹೇಗೆ ಸೆಟ್ ಮಾಡಿದೆ ಅನ್ನೋದರ ಮೇಲೆ, ಸಾಮಾನ್ಯವಾಗಿ ಹತ್ತು ಸೆಕೆಂಡಿನ ಆಸುಪಾಸು ಎಚ್ಚರವಾಗೇ ಕಾಯುತ್ತೆ. ನೀವು 2 ಸೆಕೆಂಡಿಗೊಮ್ಮೆ ತಟ್ಟಿ ಎಬ್ಬಿಸ್ತಾ ಇದ್ರೆ ಅದು ಮಲಗೋದು ಯಾವಾಗ?

ಆದ್ರೂ ಪೋಲಿಂಗ್ ಪರವಾಗಿ ಒಂದು ಮಾತು ಹೇಳಲೇಬೇಕು, ಇದನ್ನ ಟ್ಯುಟೋರಿಯಲ್‌ಗಳಲ್ಲಿ ಯಾರೂ ಹೇಳಲ್ಲ. ಎಲ್ಲರಿಗೂ ಒಂದೇ ಉತ್ತರ ಹೋಗೋ ಕಡೆ, ಅಂದ್ರೆ ಸ್ಕೋರು, ಚುನಾವಣೆ ಎಣಿಕೆ ಇಂಥ ಕಡೆ, ಉತ್ತರವನ್ನ ಸಿಡಿಎನ್‌ನಲ್ಲಿ 2 ಸೆಕೆಂಡಿನ ಮಟ್ಟಿಗೆ ಇಟ್ಟುಬಿಡಬಹುದು. ಲಕ್ಷ ಜನ ಕೇಳಿದ್ರೂ ಉತ್ತರ ಕೊಡೋದು ಸಿಡಿಎನ್, ನಿಮ್ಮ ಅಸಲಿ ಸರ್ವರ್‌ವರೆಗೆ ಬರೋದು ಬೆರಳೆಣಿಕೆ ಪ್ರಶ್ನೆ. ಲಕ್ಷ ಕನೆಕ್ಷನ್ ತೆರೆದಿಟ್ಟು ಕಾಯೋ ತಲೆನೋವು ಇಲ್ಲ. ಹಾಗಾಗಿ ದೊಡ್ಡ ಜನಸಂದಣಿಗೆ, ಒಂದೇ ಮಾಹಿತಿಗೆ, ಒಂದೆರಡು ಸೆಕೆಂಡು ತಡ ಆದ್ರೂ ನಡೆಯುತ್ತೆ ಅನ್ನೋ ಕಡೆ ನಾನು ಪೋಲಿಂಗನ್ನೇ ಮೊದಲು ನೋಡ್ತೀನಿ.

ಮುಂದಿನದು ಲಾಂಗ್ ಪೋಲಿಂಗ್. ವಿಚಾರಣೆ ಕಿಟಕಿಗೆ ಹೋಗಿ ಕೇಳ್ತೀರಿ, ಅವರು "ಇಲ್ಲ" ಅನ್ನೋ ಬದಲು ನಿಮ್ಮನ್ನ ಅಲ್ಲೇ ನಿಲ್ಲಿಸ್ಕೋತಾರೆ, ಬಸ್ಸು ಬಂದಾಗಲೇ ಬಾಯಿ ಬಿಡ್ತಾರೆ. ಉತ್ತರ ಸಿಕ್ಕ ತಕ್ಷಣ ನೀವು ಮತ್ತೆ ಅದೇ ಸಾಲಿಗೆ. ಬೇರೆ ದಾರಿ ಇಲ್ಲದ ಕಾಲದಲ್ಲಿ ಚಾಟ್ ಎಲ್ಲ ನಡೆದಿದ್ದು ಹೀಗೇ. 2006ರಲ್ಲಿ ಅಲೆಕ್ಸ್ ರಸೆಲ್ ಈ ಥರದ ತಂತ್ರಗಳಿಗೆಲ್ಲ ಸೇರಿಸಿ ಕಾಮೆಟ್ ಅಂತ ಹೆಸರಿಟ್ರು. ಅದಕ್ಕೆ ಒಂದು ವರ್ಷ ಮೊದಲು ಅಜಾಕ್ಸ್ ಅನ್ನೋ ಹೆಸರು ಬಂದಿತ್ತು. ಅಮೆರಿಕದಲ್ಲಿ ಅಜಾಕ್ಸ್, ಕಾಮೆಟ್ ಎರಡೂ ಪಾತ್ರೆ-ಸಿಂಕು ತಿಕ್ಕೋ ಪುಡಿಯ ಬ್ರಾಂಡು. ಇವತ್ತು ಹೊಸದಾಗಿ ಶುರು ಮಾಡೋರು ಲಾಂಗ್ ಪೋಲಿಂಗ್ ಹಿಡಿಯೋಕೆ ಕಾರಣ ಕಡಿಮೆ.

ಈಗ ನನಗೆ ಇಷ್ಟವಾದದ್ದಕ್ಕೆ ಬರ್ತೀನಿ. ಸರ್ವರ್-ಸೆಂಟ್ ಇವೆಂಟ್ಸ್, ಚಿಕ್ಕದಾಗಿ ಎಸ್‌ಎಸ್‌ಇ. ಇದು ಬಸ್ ಸ್ಟ್ಯಾಂಡಿನ ಮೈಕು. ನೀವು ಒಂದು ಸಲ ಒಳಗೆ ಬಂದು ಕೂತ್ರೆ ಸಾಕು, ಬಸ್ಸು ಬಂದ ಹಾಗೆಲ್ಲ ಅವರೇ ಕೂಗ್ತಾರೆ. ನೀವು ಮೈಕಿಗೆ ತಿರುಗಿ ಮಾತಾಡೋಕೆ ಆಗಲ್ಲ, ಒಂದೇ ದಿಕ್ಕು. ತಾಂತ್ರಿಕವಾಗಿ ನೋಡಿದ್ರೆ ಇದು ಮುಗಿಯದೇ ಉಳಿದಿರೋ ಒಂದು ಸಾದಾ ಎಚ್‌ಟಿಟಿಪಿ ಉತ್ತರ, ಅಷ್ಟೇ. ಸರ್ವರ್ "ಡೇಟಾ" ಅಂತ ಬರೆದು ಕೋಲನ್ ಹಾಕಿ ಒಂದು ಸಾಲು ಕಳಿಸುತ್ತೆ, ಒಂದು ಖಾಲಿ ಸಾಲು ಬಿಡುತ್ತೆ, ಒಂದು ಸಂದೇಶ ಆಯ್ತು. ಬ್ರೌಸರ್ ಕಡೆ ಇವೆಂಟ್‌ಸೋರ್ಸ್ ಅನ್ನೋ ಆಬ್ಜೆಕ್ಟ್ ಮೊದಲಿಂದಲೇ ಇದೆ, ಲೈಬ್ರರಿ ಬೇಡ.

ಈ ವಿದ್ಯಾರ್ಥಿನಿಗೆ ಎಸ್‌ಎಸ್‌ಇ ಯಾಕೆ ಹೊಂದುತ್ತೆ ಅಂದ್ರೆ, ಘಾಟಿಯಲ್ಲಿ ನೆಟ್‌ವರ್ಕ್ ಬರುತ್ತೆ ಹೋಗುತ್ತೆ. ಕನೆಕ್ಷನ್ ಕಡಿದ್ರೆ ಇವೆಂಟ್‌ಸೋರ್ಸ್ ಕೆಲವು ಸೆಕೆಂಡು ಬಿಟ್ಟು ತಾನೇ ಮತ್ತೆ ಸೇರ್ಕೊಳ್ಳುತ್ತೆ, ನೀವು ಒಂದು ಸಾಲೂ ಬರೀಬೇಕಾಗಿಲ್ಲ. ಎಷ್ಟು ಹೊತ್ತು ಬಿಟ್ಟು ಸೇರಬೇಕು ಅಂತ ಸರ್ವರೇ ಹೇಳಬಹುದು. ಇನ್ನೊಂದು ಸೊಗಸು ಇದೆ: ಪ್ರತಿ ಸಂದೇಶಕ್ಕೂ ಒಂದು ಐಡಿ ಕೊಟ್ರೆ, ಮತ್ತೆ ಸೇರುವಾಗ ಬ್ರೌಸರ್ "ನನಗೆ ಕೊನೆಗೆ ಸಿಕ್ಕಿದ್ದು ಇಷ್ಟನೇದು" ಅಂತ ಒಂದು ಹೆಡರಿನಲ್ಲಿ ಹೇಳುತ್ತೆ. ಸರ್ವರ್ ಅಲ್ಲಿಂದ ಮುಂದೆ ಕಳಿಸಬಹುದು. ಬಸ್ಸಿಗೆ ಇದು ಬೇಕಾಗಲ್ಲ, ಹಳೇ ಜಾಗ ಕಟ್ಕೊಂಡು ಏನು ಮಾಡೋದು, ಈಗಿನದ್ದು ಸಾಕು. ಆದ್ರೆ ಆರ್ಡರ್ ಸ್ಥಿತಿ, ನೋಟಿಫಿಕೇಶನ್ ಇಂಥದ್ದರಲ್ಲಿ ಒಂದೂ ತಪ್ಪಬಾರದು, ಅಲ್ಲಿ ಇದು ದೊಡ್ಡ ಉಪಕಾರ.

ಚಾಟ್‌ಜಿಪಿಟಿ ಥರದವು ಉತ್ತರವನ್ನ ಪದ ಪದವಾಗಿ ಟೈಪ್ ಮಾಡಿದ ಹಾಗೆ ತೋರಿಸ್ತವಲ್ಲ, ಓಪನ್‌ಎಐ ಎಪಿಐ ಸ್ಟ್ರೀಮ್ ಮಾಡುವಾಗ ಕಳಿಸೋದು ಇದೇ ಎಸ್‌ಎಸ್‌ಇ ರೂಪದಲ್ಲಿ. ಇವೆಂಟ್‌ಸೋರ್ಸ್‌ಗೆ ಪೋಸ್ಟ್ ವಿನಂತಿ ಮಾಡೋಕೆ ಬರಲ್ಲ, ಗೆಟ್ ಮಾತ್ರ. ಹಾಗಾಗಿ ಉದ್ದ ಪ್ರಶ್ನೆ ಕಳಿಸಬೇಕಾದ ಕಡೆ ಫೆಚ್ ಬಳಸಿ, ಬರ್ತಿರೋ ಉತ್ತರವನ್ನ ತುಂಡು ತುಂಡಾಗಿ ಓದ್ಕೋತಾರೆ. 2004ರ ಸುಮಾರಿಗೆ ಬರೆಯೋಕೆ ಶುರುವಾದ ಈ ವಿಧಾನವನ್ನ ಬಹಳ ಕಾಲ ಯಾರೂ ಅಷ್ಟಾಗಿ ಮೂಸಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೊನೇವರೆಗೂ ಇದನ್ನ ಸೇರಿಸ್ಕೊಳ್ಳಲೇ ಇಲ್ಲ. ಎಐ ಬಂದ ಮೇಲೆ ಇದಕ್ಕೆ ಶುಕ್ರದೆಸೆ.

ತೊಡಕುಗಳೂ ಇವೆ. ಹಳೇ ಎಚ್‌ಟಿಟಿಪಿ 1.1ನಲ್ಲಿ ಬ್ರೌಸರ್‌ಗಳು ಒಂದು ಸೈಟಿಗೆ 6 ಕನೆಕ್ಷನ್ ಮಾತ್ರ ಬಿಡ್ತವೆ. ಏಳನೇ ಟ್ಯಾಬ್ ತೆರೆದ್ರೆ ಪುಟ ತಿರುಗ್ತಾ ಕೂರುತ್ತೆ. ಎಚ್‌ಟಿಟಿಪಿ 2 ಇದ್ರೆ ಈ ಕಾಟ ಇಲ್ಲ. ಎರಡನೇದು, ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡಿದ್ದು ಸರ್ವರ್‌ಗೆ ಹಾಕಿದ ಮೇಲೆ ಒಟ್ಟೊಟ್ಟಾಗಿ ಬರುತ್ತೆ, ಇಲ್ಲಾ ಬರೋದೇ ಇಲ್ಲ. ಮಧ್ಯದಲ್ಲಿ ಕೂತಿರೋ ಎಂಜಿನ್‌ಎಕ್ಸ್ ಉತ್ತರವನ್ನ ಬಫರಲ್ಲಿ ಹಿಡಿದಿಟ್ಕೊಂಡಿರುತ್ತೆ, ಅದರ ಮೂಲ ಸೆಟ್ಟಿಂಗೇ ಹಾಗೆ. ಪ್ರಾಕ್ಸಿ ಬಫರಿಂಗ್ ಆಫ್ ಮಾಡ್ಬೇಕು. ಅದೇ ಎಂಜಿನ್‌ಎಕ್ಸ್ 60 ಸೆಕೆಂಡು ಹಿಂದಿನ ಸರ್ವರಿಂದ ಏನೂ ಬರದೇ ಹೋದ್ರೆ ಕನೆಕ್ಷನ್ ಕತ್ತರಿಸುತ್ತೆ, ಆದ್ದರಿಂದ ಏನೂ ಸುದ್ದಿ ಇಲ್ಲದಿದ್ರೂ ಆಗಾಗ ಒಂದು ಸಾಲು ಕಳಿಸ್ತಾ ಇರ್ಬೇಕು. ಮೂರನೇದು ಸ್ವಲ್ಪ ಮೋಸದ್ದು: ತಾನಾಗೇ ಮತ್ತೆ ಸೇರುತ್ತೆ ಅಂದೆನಲ್ಲ, ಅದು ಕನೆಕ್ಷನ್ ಕಡಿದಾಗ ಮಾತ್ರ. ನೀವು ಸರ್ವರ್ ರೀಸ್ಟಾರ್ಟ್ ಮಾಡೋ ಹೊತ್ತಲ್ಲಿ ಎಂಜಿನ್‌ಎಕ್ಸ್ 502 ಅಂತ ಉತ್ತರ ಕೊಟ್ಟುಬಿಟ್ರೆ ಇವೆಂಟ್‌ಸೋರ್ಸ್ ಅಲ್ಲಿಗೇ ಕೈ ಚೆಲ್ಲುತ್ತೆ, ಮತ್ತೆ ಪ್ರಯತ್ನ ಮಾಡಲ್ಲ. ಅದಕ್ಕೆ ನೀವೇ ಹೊಸದೊಂದು ತೆರೆಯೋ ಕೋಡ್ ಬರೀಬೇಕು.

ಸರಿ, ವೆಬ್‌ಸಾಕೆಟ್. ಇದು ಕಂಟ್ರೋಲರ್ ಮೊಬೈಲಿಗೆ ಕಾಲ್ ಮಾಡಿ ಲೈನ್ ಹಾಗೇ ಇಟ್ಕೊಂಡ ಹಾಗೆ. ಇಬ್ಬರೂ ಯಾವಾಗ ಬೇಕಾದ್ರೂ ಮಾತಾಡಬಹುದು. ಮೊದಲು ಸಾದಾ ಎಚ್‌ಟಿಟಿಪಿಯಲ್ಲೇ ಶುರುವಾಗಿ, ಸರ್ವರ್ 101 ಅನ್ನೋ ಉತ್ತರ ಕೊಟ್ಟ ಮೇಲೆ ಅದೇ ತಂತಿ ಬೇರೆ ಭಾಷೆಗೆ ತಿರುಗುತ್ತೆ. 2011ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 6455 ಆಗಿ ಬಂತು. ಪ್ರತಿ ಸಂದೇಶದ ಮೇಲಿನ ಹೊದಿಕೆ 2ರಿಂದ 14 ಬೈಟು ಅಷ್ಟೇ, ಬೈನರಿನೂ ಕಳಿಸಬಹುದು.

ಇದು ನಿಜಕ್ಕೂ ಬೇಕಾಗೋ ಕಡೆ ಯಾವುದು? ನಮ್ಮ ಬೆಂಗಳೂರಿನದ್ದೇ ಉದಾಹರಣೆ ಇದೆ. ಜೆರೋಧಾದ ಕೈಟ್ ಕನೆಕ್ಟ್ ಅನ್ನೋ ಎಪಿಐ ಷೇರಿನ ಬೆಲೆಗಳನ್ನ ವೆಬ್‌ಸಾಕೆಟ್ ಮೇಲೆ ಬೈನರಿಯಾಗಿ ಕಳಿಸುತ್ತೆ. ಕೊನೇ ಬೆಲೆ ಮಾತ್ರ ಸಾಕು ಅಂದ್ರೆ ಒಂದು ಷೇರಿಗೆ 8 ಬೈಟು: 4 ಬೈಟಲ್ಲಿ ಆ ಷೇರಿನ ಗುರುತಿನ ಸಂಖ್ಯೆ, ಇನ್ನು 4 ಬೈಟಲ್ಲಿ ಬೆಲೆ, ಅದೂ ಪೈಸೆ ಲೆಕ್ಕದಲ್ಲಿ, ದಶಾಂಶದ ಗೊಡವೆನೇ ಬೇಡ ಅಂತ. ಕೊಳ್ಳೋರ ಮಾರೋರ ಪಟ್ಟಿ ಸಮೇತ ಪೂರ್ತಿ ವಿವರ ಬೇಕಂದ್ರೆ 184 ಬೈಟು. ಒಂದೇ ಕನೆಕ್ಷನ್ ಮೇಲೆ 3,000 ಷೇರುಗಳವರೆಗೆ ಕೇಳಬಹುದು, ಬೇಕಾದ್ದನ್ನ ಸೇರಿಸು, ಬೇಡದ್ದನ್ನ ತೆಗೆ ಅಂತ ಅದೇ ತಂತಿಯಲ್ಲಿ ಹೇಳಬಹುದು. ಏನೂ ವಹಿವಾಟು ಇಲ್ಲದಾಗ ಒಂದೊಂದು ಬೈಟು ಕಳಿಸಿ "ನಾನಿನ್ನೂ ಇದ್ದೀನಿ" ಅನ್ನುತ್ತೆ. ಒಂದು ಸೆಕೆಂಡಲ್ಲಿ ಅಷ್ಟೊಂದು ಸಂದೇಶ ಹರಿಯೋವಾಗ ಒಂದೊಂದು ಬೈಟು ಉಳಿಸೋದಕ್ಕೂ ಅರ್ಥ ಇದೆ. ಇಬ್ಬರು ಸೇರಿ ಆಡೋ ಆಟ, ಒಂದೇ ಡಾಕ್ಯುಮೆಂಟಲ್ಲಿ ನಾಲ್ಕು ಜನ ಬರೆಯೋದು, ಇವೂ ಇದೇ ಸಾಲಿಗೆ.

ಆದ್ರೆ ಎಸ್‌ಎಸ್‌ಇ ಪುಕ್ಕಟೆ ಕೊಟ್ಟಿದ್ದನ್ನೆಲ್ಲ ವೆಬ್‌ಸಾಕೆಟಲ್ಲಿ ನೀವೇ ಕಟ್ಟಬೇಕು. ಮತ್ತೆ ಸೇರೋದು, ಎಲ್ಲಿ ನಿಂತಿತ್ತು ಅಂತ ನೆನಪಿಡೋದು ಎರಡೂ ನಿಮ್ಮ ಕೆಲಸ. ಸರ್ವರ್ ಒಮ್ಮೆ ಬಿದ್ದು ಎದ್ರೆ ಎಲ್ಲ ಫೋನುಗಳೂ ಅದೇ ಕ್ಷಣಕ್ಕೆ ಮತ್ತೆ ಮುಗಿಬಿದ್ದು, ಸರ್ವರ್ ಮತ್ತೆ ಬೀಳುತ್ತೆ. ಅದಕ್ಕೆ ಪ್ರತಿ ಫೋನೂ ಬೇರೆ ಬೇರೆ ಹೊತ್ತು ಕಾಯಬೇಕು, ಪ್ರತಿ ಸಲ ಸೋತಾಗ ಇನ್ನಷ್ಟು ಕಾಯಬೇಕು. ಇನ್ನೊಂದು ಕೊರತೆ: ಸರ್ವರ್ ಕಳಿಸೋ ವೇಗಕ್ಕೆ ಫೋನು ಏಗದೇ ಇದ್ರೆ "ಸ್ವಲ್ಪ ತಡಿ" ಅಂತ ಹೇಳೋಕೆ ಬ್ರೌಸರಿನ ಮಾಮೂಲಿ ವೆಬ್‌ಸಾಕೆಟಲ್ಲಿ ಜಾಗ ಇಲ್ಲ.

ಎಚ್‌ಟಿಟಿಪಿ 3 ಮೇಲೆ ಕೂರೋ ವೆಬ್‌ಟ್ರಾನ್ಸ್‌ಪೋರ್ಟ್ ಅಂತ ಇನ್ನೊಂದು ಬಂದಿದೆ, ಕ್ರೋಮ್‌ನಲ್ಲಿ 2022ರಿಂದ ಇದೆ. ಅದರಡಿಯ ಕ್ವಿಕ್ ಪ್ರೋಟೋಕಾಲ್, ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹಾರಿದ್ರೂ ಕನೆಕ್ಷನ್ ಉಳಿಸ್ಕೊಳ್ಳೋ ಹಾಗೆ ಮಾಡಿರೋದು. ಚೆನ್ನಾಗಿದೆ, ಆದ್ರೆ ಕಾಲೇಜು ಪ್ರಾಜೆಕ್ಟಿಗೆ ಇವತ್ತು ನಾನು ಹೇಳಲ್ಲ. ವಿಡಿಯೊ ಬಗ್ಗೆ ಕೇಳೋರಿಗೆ: ಅದು ಬೇರೆಯದೇ ಲೋಕ. ಆಪಲ್‌ನ ಎಚ್‌ಎಲ್‌ಎಸ್‌ನಂಥವು ವಿಡಿಯೊವನ್ನ ಆರಾರು ಸೆಕೆಂಡಿನ ತುಂಡು ಮಾಡಿ ಕೊಡ್ತವೆ, ಪ್ಲೇಯರು ಕೆಲವು ತುಂಡು ಮೊದಲೇ ತುಂಬ್ಕೊಂಡು ಶುರು ಮಾಡುತ್ತೆ. ಪಕ್ಕದ ಮನೆ ಟಿವಿಯವರು "ಔಟ್" ಅಂತ ಕೂಗಿದಾಗ ನಿಮ್ಮ ಫೋನಲ್ಲಿ ಬೌಲರ್ ಇನ್ನೂ ಓಡಿ ಬರ್ತಿರೋದು ಅದಕ್ಕೇ. 2023ರ ವಿಶ್ವಕಪ್ ಫೈನಲನ್ನ ಹಾಟ್‌ಸ್ಟಾರಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದ್ರು. ಅಷ್ಟು ಜನಕ್ಕೆ ಮುಟ್ಟಿಸೋಕೆ ಸಿಡಿಎನ್‌ಗೆ ಹೊಂದೋ ಈ ತುಂಡು ಪದ್ಧತಿನೇ ಅನುಕೂಲ.

ಈಗ ಬಸ್ಸಿಗೆ ವಾಪಸ್ ಬರೋಣ. ಈ ಮೂವರೂ ತಂತಿ ಯಾವುದು ಅಂತ ತಲೆ ಕೆಡಿಸ್ಕೊಂಡಿದ್ದಾರೆ, ನನಗೆ ಹೆದರಿಕೆ ಇರೋದು ಬೇರೆ ಕಡೆ. ಮೊಬೈಲ್ ನೆಟ್‌ವರ್ಕಲ್ಲಿ ಕನೆಕ್ಷನ್ ಎಷ್ಟೋ ಸಲ ಸದ್ದಿಲ್ಲದೇ ಸಾಯುತ್ತೆ. ಫೋನಿಗೆ ಕನೆಕ್ಷನ್ ಇದೆ ಅನ್ನೋ ಭ್ರಮೆ, ಸರ್ವರ್‌ಗೂ ಅದೇ ಭ್ರಮೆ, ಡೇಟಾ ಮಾತ್ರ ಬರ್ತಿಲ್ಲ. ಮ್ಯಾಪಲ್ಲಿ ಬಸ್ಸು ಮೂರು ಕಿಲೋಮೀಟರ್ ದೂರದಲ್ಲಿ ನಿಂತಿದೆ. ನೋಡಿದವಳು, ಪಾಪ, "ಇನ್ನೂ ಟೈಮಿದೆ" ಅಂತ ಮನೆಯಲ್ಲೇ ಕಾಫಿ ಕುಡೀತಾಳೆ. ಆದ್ರೆ ಆ ಚುಕ್ಕೆ ಏಳು ನಿಮಿಷ ಹಳೇದು, ಬಸ್ಸು ಆಗಲೇ ಸ್ಟಾಪು ದಾಟಿದೆ. ಏನೂ ತೋರಿಸದ ಪುಟಕ್ಕಿಂತ ಇದು ಕೆಟ್ಟದ್ದು, ಯಾಕಂದ್ರೆ ಪುಟ ಇಲ್ಲದಿದ್ರೆ ಅವಳು ಮಾಮೂಲಿನಂತೆ ಹತ್ತು ನಿಮಿಷ ಮೊದಲೇ ಹೋಗಿ ನಿಂತಿರ್ತಿದ್ಲು.

ಹಾಗಾಗಿ ಪ್ರತಿ ಸಂದೇಶದಲ್ಲೂ ಬಸ್ಸು ಆ ಜಾಗ ಕಳಿಸಿದ ಸಮಯ ಇರಲಿ. ಸರ್ವರ್‌ಗೆ ಸಿಕ್ಕ ಸಮಯ ಸಾಲದು, ಜಿಪಿಎಸ್ ಹೇಳಿದ ಸಮಯ ಬೇಕು. ಪುಟದಲ್ಲಿ "40 ಸೆಕೆಂಡ್ ಹಿಂದೆ ಇಲ್ಲಿತ್ತು" ಅಂತ ದೊಡ್ಡದಾಗಿ ಬರೀರಿ. ಒಂದು ನಿಮಿಷ ದಾಟಿದ್ರೆ ಚುಕ್ಕೆ ಬೂದು ಬಣ್ಣಕ್ಕೆ ತಿರುಗಲಿ. ಎಸ್‌ಎಸ್‌ಇ ಹಿಡಿದ್ರೆ 15 ಸೆಕೆಂಡಿಗೊಮ್ಮೆ "ಜೀವ ಇದೆ" ಅನ್ನೋ ಸಂದೇಶ ಕಳಿಸಿ, ಆದ್ರೆ ಅದನ್ನ ಕಾಮೆಂಟ್ ಸಾಲಾಗಿ ಕಳಿಸಬೇಡಿ. ಕಾಮೆಂಟ್ ಸಾಲು ಕನೆಕ್ಷನ್ ಉಳಿಸುತ್ತೆ ನಿಜ, ಆದ್ರೆ ಬ್ರೌಸರ್ ಅದನ್ನ ನುಂಗಿಬಿಡುತ್ತೆ, ನಿಮ್ಮ ಜಾವಾಸ್ಕ್ರಿಪ್ಟಿಗೆ ಗೊತ್ತೇ ಆಗಲ್ಲ. ಹೆಸರಿರೋ ಒಂದು ಇವೆಂಟ್ ಆಗಿ ಕಳಿಸಿದ್ರೆ, 40 ಸೆಕೆಂಡು ಏನೂ ಬಂದಿಲ್ಲ ಅಂದಾಗ ಪುಟವೇ ಹಳೇ ಕನೆಕ್ಷನ್ ಮುಚ್ಚಿ ಹೊಸದು ತೆರೆಯಬಹುದು. ಹೌದು, ಇದೂ ರೇಡಿಯೊ ಎಬ್ಬಿಸುತ್ತೆ. ಮ್ಯಾಪ್ ತೆರೆದಿರೋ ಐದಾರು ನಿಮಿಷಕ್ಕೆ ಪರದೆಯೇ ಅದಕ್ಕಿಂತ ಜಾಸ್ತಿ ಬ್ಯಾಟರಿ ತಿನ್ನುತ್ತೆ, ಅಲ್ಲಿ ಜಿಪುಣತನ ಬೇಡ.

ಬಸ್ಸಿಂದ ಸರ್ವರ್‌ಗೆ 10 ಸೆಕೆಂಡಿಗೊಂದು ಸಾದಾ ಪೋಸ್ಟ್ ವಿನಂತಿ ಸಾಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಲ್ಲಿ ಬಸ್ಸು ಹೋಗೋದು 110 ಮೀಟರ್ ಆಸುಪಾಸು, ತಂಗುದಾಣದಲ್ಲಿ ಕಾಯೋರಿಗೆ ಅದು ವ್ಯತ್ಯಾಸವೇ ಅಲ್ಲ. ಒಂದು ಎಚ್ಚರಿಕೆ: ಡ್ರೈವರ್ ಫೋನಲ್ಲಿ ವೆಬ್ ಪೇಜ್ ತೆರೆದಿಟ್ಟು ಜಾಗ ಕಳಿಸ್ತೀವಿ ಅಂತ ಅವರ ಮೆಸೇಜಲ್ಲಿತ್ತು. ಅದು ನಡೆಯಲ್ಲ. ಪರದೆ ಲಾಕ್ ಆದ್ರೆ ಬ್ರೌಸರ್ ಜಿಪಿಎಸ್ ಕೊಡೋದು ನಿಲ್ಲಿಸುತ್ತೆ, ಡ್ರೈವರ್ ಘಾಟಿಯಲ್ಲಿ ಫೋನ್ ಮುಟ್ಟೋ ಹಾಗೆ ಆಗ್ಲೂಬಾರದು. ಸಿಮ್ ಹಾಕೋ ಜಿಪಿಎಸ್ ಟ್ರ್ಯಾಕರ್ ಡಬ್ಬಿ ಕೂರಿಸಿ, ಇಲ್ಲಾ ಹಿನ್ನೆಲೆಯಲ್ಲಿ ಓಡೋ ಒಂದು ಪುಟ್ಟ ಆಂಡ್ರಾಯ್ಡ್ ಆ್ಯಪ್ ಬರೀರಿ. ನೆಟ್‌ವರ್ಕ್ ಇಲ್ಲದಾಗ ಸೇರಿಕೊಂಡ ಹಳೇ ಜಾಗಗಳನ್ನ ಸಾಲಾಗಿ ಕಳಿಸೋಕೆ ಹೋಗ್ಬೇಡಿ, ಎಸೆದು ಕೊನೇದನ್ನ ಮಾತ್ರ ಕಳಿಸಿ.

ಇನ್ನು ನೋಡೋರ ಕಡೆ. ಎಲ್ಲ ರೂಟ್ ಸೇರಿ 300 ಜನ ಒಟ್ಟಿಗೆ ನೋಡ್ತಾರೆ ಅಂದ್ಕೊಳ್ಳೋಣ. 10 ಸೆಕೆಂಡಿಗೊಮ್ಮೆ ಪೋಲ್ ಮಾಡಿದ್ರೂ ಸೆಕೆಂಡಿಗೆ 30 ವಿನಂತಿ, ಅತಿ ಅಗ್ಗದ ಸರ್ವರೂ ಇದನ್ನ ತಡ್ಕೊಳ್ಳುತ್ತೆ. ಆದ್ದರಿಂದ ಮೊದಲ ವಾರ ಪೋಲಿಂಗ್ ಹಾಕಿ ಮಕ್ಕಳ ಕೈಗೆ ಕೊಟ್ಟುಬಿಡಿ, ಬೆಳಿಗ್ಗೆ ಯಾರಿಗೆ ಏನು ಕಾಣ್ತು ಅಂತ ಕೇಳಿ. ಆಮೇಲೆ ಎಸ್‌ಎಸ್‌ಇಗೆ ಬದಲಾಯಿಸಿ. ವೈವಾದಲ್ಲಿ "ವೆಬ್‌ಸಾಕೆಟ್ ಯಾಕೆ ಹಾಕಿಲ್ಲ?" ಅಂತ ಕೇಳೇ ಕೇಳ್ತಾರೆ. ನಮ್ಮ ಪುಟ ಬಸ್ಸಿಗೆ ತಿರುಗಿ ಏನೂ ಹೇಳಬೇಕಾಗಿಲ್ಲ ಸರ್ ಅನ್ನಿ. ಪರೀಕ್ಷೆ ಮಾಡೋವಾಗ ಕಾಲೇಜಿನ ವೈಫೈ ಮೇಲೆ ಮಾತ್ರ ಮಾಡಬೇಡಿ. ಪುಟ ತೆರೆದಿಟ್ಟು ಏರೋಪ್ಲೇನ್ ಮೋಡ್ ಹಾಕಿ ತೆಗೀರಿ, ವೈಫೈಯಿಂದ ಡೇಟಾಗೆ ಬದಲಾಯಿಸಿ, ಆಮೇಲೆ ಒಂದು ದಿನ ಅದೇ ಬಸ್ಸಲ್ಲಿ ಕೂತು ಘಾಟಿ ಹತ್ತಿ. ನೆಟ್‌ವರ್ಕ್ ಎಲ್ಲೆಲ್ಲಿ ಸಾಯುತ್ತೆ ಅಂತ ಗುರುತು ಹಾಕ್ಕೊಳ್ಳಿ. ಬಸ್ಸು ಆ ತುಣುಕಲ್ಲಿ ಇದ್ದಾಗ "ಇಲ್ಲಿ ಸಿಗ್ನಲ್ ಇರಲ್ಲ, ಈ ತಿರುವು ದಾಟಿದ ಮೇಲೆ ಕಾಣುತ್ತೆ" ಅಂತ ಪುಟದಲ್ಲೇ ಹೇಳಬಹುದು.

ಒಂದು ಬಾಕಿ ಉಳೀತು. ಫೋನು ಜೇಬಲ್ಲಿದ್ದಾಗ, ಪರದೆ ಆಫ್ ಇದ್ದಾಗ, ಬಸ್ಸು ಎರಡು ಕಿಲೋಮೀಟರ್ ಹತ್ತಿರ ಬಂತು ಅಂತ ಎಬ್ಬಿಸೋದು ಹೇಗೆ ಅಂತಲೂ ಕೇಳಿದ್ದಾರೆ. ಈಗ ಹೇಳಿದ ಯಾವ ದಾರಿಯೂ ಅಲ್ಲಿ ನಡೆಯಲ್ಲ, ಹಿಂದೆ ಸರಿದ ಟ್ಯಾಬನ್ನ ಬ್ರೌಸರ್ ಮಲಗಿಸಿಬಿಡುತ್ತೆ. ಅದಕ್ಕೆ ವೆಬ್ ಪುಶ್ ಬೇಕು. ಐಫೋನಲ್ಲಿ ಅದು 2023ರ 16.4 ಆವೃತ್ತಿಯಿಂದ ಮಾತ್ರ, ಅದೂ ಪುಟವನ್ನ ಹೋಮ್ ಸ್ಕ್ರೀನಿಗೆ ಸೇರಿಸ್ಕೊಂಡಿದ್ರೆ. ಅದರ ಕಥೆ ಮುಂದಿನ ಸಂಚಿಕೆಗೆ. ನಿಮ್ಮ ಪ್ರಶ್ನೆಗಳನ್ನೂ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಎರಡು ನಿಮಿಷದೊಳಗೆ ಮುಗಿಸಿದ್ರೆ ನನಗೂ ಸುಲಭ.